ದೊಡ್ಡತಾಯಮ್ಮನ ಹಿತ್ತಿಲ ನಿಲ್ದಾಣ

“ಇವತ್ತು ಎಲ್ಲಿ ನಿಂತೀತೋ?” ಎಂದು ಮೌಲಾ ಸಾಬರು ದಿನವೂ ಬೆಳಿಗ್ಗೆ ತಮ್ಮ ಚಹಾ ಗಾಡಿಯ ಗಾಲಿಗೆ ಎಣ್ಣೆ ಬಿಡುತ್ತ ಕೇಳುತ್ತಿದ್ದರು. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಗಾಲಿಯನ್ನಲ್ಲ, ಎಣ್ಣೆಯನ್ನಲ್ಲ, ಪಕ್ಕದಲ್ಲಿ ಮಡಿಚುವ ಕುರ್ಚಿಯನ್ನು ಬಿಸಿಲಿಗೆ ಬಿಡಿಸಿಕೊಂಡು ಕೂತ ನನ್ನನ್ನಂತೂ ಅಲ್ಲವೇ ಅಲ್ಲ. ನಮ್ಮ ಊರಿನಲ್ಲಿ ಆ ಮಾತು ಎಲ್ಲರ ಬಾಯಲ್ಲೂ ಇತ್ತು. ಹಿಟ್ಟು ಕಲೆಸುವಾಗ, ಮಗುವಿಗೆ ಎಣ್ಣೆ ತಿಕ್ಕುವಾಗ, ಆಕಳಿಕೆಯ ಹಿಂದೆ ದೇವರ ಹೆಸರು ಬಂದ ಹಾಗೆ ಬಂದುಬಿಡುತ್ತಿತ್ತು. ಉತ್ತರ ಯಾರಿಗೂ ಬೇಕಿರಲಿಲ್ಲ. ಸಂಜೆಯಾದರೆ ರೈಲೇ ಹೇಳುತ್ತಿತ್ತು.

ನಾನು ಆ ಊರಿನ ಸ್ಟೇಷನ್ ಮಾಸ್ತರ. ಸ್ಟೇಷನ್ ಇರಲಿಲ್ಲ. ಹಳಿ ಮಾತ್ರ ಇತ್ತು, ಊರಿನ ನಡುವೆ ಒಂದು ಬೀದಿಯ ಹಾಗೆ, ಹಿತ್ತಿಲುಗಳ ಬೆನ್ನು ಸವರಿಕೊಂಡು, ಬಟ್ಟೆ ಒಗೆಯುವ ಕಲ್ಲುಗಳ ಪಕ್ಕ, ನುಗ್ಗೆಮರಗಳ ನೆರಳಲ್ಲಿ. ದಿನಕ್ಕೊಂದು ರೈಲು, ಇಳಿಹೊತ್ತಿಗೆ. ಯಾರ ಮನೆಯಲ್ಲಿ ಯಾರಾದರೂ ಬರುವವರಿಗಾಗಿ ಮನಸಾರೆ ಕಾಯುತ್ತಿದ್ದರೋ ಅವರ ಹಿತ್ತಿಲ ಮುಂದೆ ಅದು ನಿಲ್ಲುತ್ತಿತ್ತು. ಇಬ್ಬರು ಕಾದರೆ ಹೆಚ್ಚು ಭಾರವಾಗಿ ಕಾದವರ ಕಡೆ. ಉಳಿದವರೆಲ್ಲ ಅಲ್ಲಿಗೆ ಓಡಿಹೋಗಿ ಹತ್ತಬೇಕು, ಅಲ್ಲೇ ಇಳಿದು ಮನೆ ಸೇರಬೇಕು. ಹೆಣ್ಣು ನೋಡಲು ಬಂದವರು ಬಣ್ಣ ಕೇಳುತ್ತಿರಲಿಲ್ಲ, ಒಡವೆ ಕೇಳುತ್ತಿರಲಿಲ್ಲ, “ಇವರ ಹಿತ್ತಿಲಲ್ಲಿ ರೈಲು ನಿಂತದ್ದುಂಟೋ?” ಎಂದು ಕೇಳುತ್ತಿದ್ದರು. ಗಂಡ ಊರಿಂದ ಬರುವ ಸಂಜೆ ರೈಲು ಪಕ್ಕದ ಮನೆಯಲ್ಲಿ ನಿಂತರೆ, ಅವನ ಮನೆಯ ಸಾರಿಗೆ ಅವತ್ತು ಉಪ್ಪು ಹೆಚ್ಚಾಗುತ್ತಿತ್ತು.

ನನ್ನ ಹತ್ತಿರ ಒಂದು ಚೀಲ. ಅದರಲ್ಲಿ ಟಿಕೆಟ್ಟು, ಹಸಿರು ಬಾವುಟ, ಒಂದು ಕೈಗಂಟೆ. ಮಧ್ಯಾಹ್ನ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹಳಿಯ ಗುಂಟ ನಡೆದು, ಯಾವ ಮನೆಯಲ್ಲಿ ಕಾಯುತ್ತಿದ್ದಾರೆಂದು ಕಿವಿಗೊಟ್ಟು ಅಂದಾಜು ಮಾಡಿ, ಅಲ್ಲಿ ಕುರ್ಚಿ ಹಾಕುವುದು ನನ್ನ ಕೆಲಸ. ನನ್ನ ಅವ್ವ ಬೀಸುವ ಕಲ್ಲಿನ ಮುಂದೆ ಕೂತು ಷಟ್ಪದಿ ಹೇಳುತ್ತಿದ್ದಳು. ಓದು ಬಾರದು, ಕೇಳಿ ಕಲಿತದ್ದು. ಸಾಲಿನ ಕೊನೆಯಲ್ಲಿ ಉಸಿರು ಹಿಡಿದು, ಮುಂದಿನ ಮಾತು ನಾಲಿಗೆಗೆ ಬರುವ ಮೊದಲು ಒಂದಿಷ್ಟು ನಿಶ್ಶಬ್ದ ಬಿಡುತ್ತಿದ್ದಳಲ್ಲ, ನನಗೆ ಪದ್ಯಕ್ಕಿಂತ ಅದೇ ಹೆಚ್ಚು ಕೇಳಿಸುತ್ತಿತ್ತು. ಜನ ಕಾಯುವ ಮನೆಗಳಲ್ಲೂ ಅದೇ ಇರುತ್ತಿತ್ತು, ಇನ್ನೇನು ಮುಂದಿನ ಸಾಲು ಬಂತು ಅನ್ನುವ ಹಾಗೆ. ಹಾಗೆಂದು ನಾನು ದೊಡ್ಡ ಜಾಣನೇನಲ್ಲ. ಎಷ್ಟೋ ಸಲ ಒಂದು ಕಡೆ ಕುರ್ಚಿ ಹಾಕಿ ಕೂತಿರುವಾಗ ರೈಲು ಇನ್ನೆಲ್ಲೋ ನಿಂತು, ಬಾವುಟ ಬಗಲಲ್ಲಿ ಇರುಕಿಕೊಂಡು ಓಡಿದ್ದೇನೆ. “ಮಾಸ್ತ್ರೇ, ಕುರ್ಚಿ ಮರೆತ್ರಿ” ಎಂದು ಹೆಂಗಸರು ಹಿತ್ತಿಲಿಂದ ಕೂಗಿ ನಗುತ್ತಿದ್ದರು.

ಹೀಗಿದ್ದ ಊರಿನಲ್ಲಿ ದೊಡ್ಡತಾಯಮ್ಮ ಕಾಯಲು ಶುರುಮಾಡಿದಳು. ಬಣ್ಣಗಾರರ ಓಣಿಯ ಕೊನೆಯ ಮನೆ ಅವಳದು. ನೂಲಿಗೆ ಬಣ್ಣ ಕಟ್ಟುವ ಕಸುಬು. ಮೊಣಕೈವರೆಗೆ ನೀಲಿ, ಹಬ್ಬದ ದಿನ ಅರಿಸಿನ ಹಚ್ಚಿಕೊಂಡರೂ ಹಸಿರಾಗಿ ಕಾಣುವ ಕೈ. ಆ ಓಣಿಯಲ್ಲಿ ಚರಂಡಿ ಒಂದು ದಿನ ಕೆಂಪು, ಒಂದು ದಿನ ನೀಲಿ ಹರಿಯುತ್ತಿತ್ತು. ಬಾವಿಗೂ ಬಣ್ಣ ತಿರುಗಿ ಬಹಳ ಕಾಲವಾಗಿತ್ತು. ಕುಡಿಯುವ ನೀರನ್ನು ಹಳಿಯಾಚೆಯ ಬಾವಿಯಿಂದ ಹೊತ್ತು ತರಬೇಕು. ದೊಡ್ಡತಾಯಮ್ಮನಿಗೆ ಬೆನ್ನಿಗೆ ಬಿದ್ದ ತಂಗಿ ಒಬ್ಬಳಿದ್ದಳು, ಸಾಕಮ್ಮ. ತಾಯಿತಂದೆ ಹೋದ ಮೇಲೆ ಒಬ್ಬರಿಗೊಬ್ಬರು. ಒಂದು ಬೇಸಿಗೆ ಸಾಕಮ್ಮ ನೀರು ತುಂಬಿದ ಮಣ್ಣಿನ ಕೊಡವನ್ನು ಕೈತಪ್ಪಿ ಹೊಸ್ತಿಲ ಮೇಲೆ ಬೀಳಿಸಿ ಒಡೆದಳು. “ಒಂದು ಕೊಡ ನೀರು ತರೋ ಯೋಗ್ಯತೆ ಇಲ್ಲ, ತಿನ್ನಕ್ಕೆ ಮಾತ್ರ ಮುಂದೆ” ಎಂದಳು ಅಕ್ಕ. ಅಷ್ಟೇ ಮಾತು. ಸಾಕಮ್ಮ ಸೆರಗಿಗೆ ಕೈ ಒರೆಸಿಕೊಂಡು, ಪಕ್ಕದ ಮನೆಯ ನೆಂಟರಿಗಾಗಿ ನಿಂತಿದ್ದ ರೈಲನ್ನು ಹತ್ತಿ ಹೋದವಳು ತಿರುಗಿ ಬರಲಿಲ್ಲ.

ಮಾರನೆಯ ಸಂಜೆ ರೈಲು ದೊಡ್ಡತಾಯಮ್ಮನ ಹಿತ್ತಿಲಲ್ಲಿ ನಿಂತಿತು. ಅದರ ಮಾರನೆಯ ಸಂಜೆಯೂ ನಿಂತಿತು. ಕಾಯುವುದು ಬಳಸಿದ ಬಟ್ಟೆಯ ಹಾಗೆ, ತಿಂಗಳೊಪ್ಪತ್ತಿಗೆ ಬಣ್ಣ ಬಿಡುತ್ತದೆಂದು ನಾವೆಲ್ಲ ತಿಳಿದಿದ್ದೆವು. ಅವಳದು ಬಿಡಲಿಲ್ಲ. ವರ್ಷಗಳು ಹೋದವು. ರೈಲು ಬರುವ ಹೊತ್ತಿಗೆ ಅವಳು ಒಂದು ಕೊಡ ನೀರು ತುಂಬಿಟ್ಟು ಒಗೆಯುವ ಕಲ್ಲಿನ ಪಕ್ಕ ನಿಲ್ಲುತ್ತಿದ್ದಳು. ಇಳಿಯುವವರೆಲ್ಲ ಇಳಿದು, ಕೊನೆಯ ಬಾಗಿಲೂ ಮುಚ್ಚಿದ ಮೇಲೆ ಆ ನೀರನ್ನು ದೊಣ್ಣೆಮೆಣಸಿನ ಗಿಡಕ್ಕೆ ಸುರಿಯುತ್ತಿದ್ದಳು. “ಅಪ್ಪ ಸಾಕು ಅಂತ ಹೆಸರಿಟ್ಟ, ಇವಳಿಗೆ ಇನ್ನೂ ಸಾಕಾಗಲಿಲ್ಲ” ಎಂದು ಓಣಿಯವರು ಮೊದಮೊದಲು ಹಾಸ್ಯ ಮಾಡಿದರು. ಆಮೇಲೆ ಹಾಸ್ಯ ಬಿಟ್ಟು ಅದಕ್ಕೆ ಹೊಂದಿಕೊಂಡರು. ಹೂವಿನವರು ಅಲ್ಲೇ ಬುಟ್ಟಿ ಇಳಿಸಿದರು. ಜಟಕಾದವರು ಅಲ್ಲೇ ಕುದುರೆಗೆ ಗೂಟ ಹೊಡೆದರು. ನನಗೂ ಹಳಿಯ ಗುಂಟ ಅಲೆಯುವುದು ತಪ್ಪಿತು. ಮಂಡಿ ಹಿಡಿದುಕೊಳ್ಳುತ್ತಿದ್ದ ಕಾಲ ಅದು. ಒಂದೇ ಕಡೆ ಕುರ್ಚಿ ಹಾಕಿ ಕೂತು, ರೈಲು ಬರುವವರೆಗೆ ಅವ್ವನ ಪದ್ಯಗಳನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಕೊನೆಗೊಂದು ದಿನ ಮೌಲಾ ಸಾಬರು ತಮ್ಮ ಗಾಡಿಯ ಗಾಲಿ ಬಿಚ್ಚಿ ಅದನ್ನು ಇಟ್ಟಿಗೆಯ ಮೇಲೆ ಕೂರಿಸಿದರು. ನಮ್ಮ ಊರಿನಲ್ಲಿ ಯಾರೂ ಮಾಡದ ಕೆಲಸ. “ಇನ್ನೆಲ್ಲಿ ಹೋಗತ್ತೆ ಮಾಸ್ತ್ರೇ ಇದು? ಆಯಮ್ಮ ಇರೋವರೆಗೂ ಇಲ್ಲೇ” ಎಂದು ಬಿಚ್ಚಿದ ಗಾಲಿಗಳನ್ನು ಗುಜರಿಗೆ ಹಾಕಿ ಬಂದರು.

ಸರ್ಕಾರದ ಆಜ್ಞೆ ಬಂದದ್ದು ಆಗಲೇ. ಸಣ್ಣ ಊರುಗಳಲ್ಲಿ ರೈಲು ನಿಲ್ಲುವ ಜಾಗದ ಸುತ್ತಮುತ್ತಲನ್ನು ಸಾರ್ವಜನಿಕ ಹಣದಿಂದ ಹೊಸದಾಗಿ ಕಟ್ಟಿಕೊಡುವ ಯೋಜನೆ. ಪುರಸಭೆಯ ಮೆಟ್ಟಿಲ ಮೇಲೆ ನಿಂತು ಅದನ್ನು ಓದಿಹೇಳುವ ಪಾಲು ನನಗೆ ಬಂತು. “ರಾಗವಾಗಿ ಹೇಳ್ರೀ ಮಾಸ್ತ್ರೇ, ಒಣಒಣ ಓದಿದ್ರೆ ತಲೆಗೆ ಇಳಿಯಲ್ಲ” ಎಂದರು ಜನ. ರಾಗವಾಗಿಯೇ ಹೇಳಿದೆ. ಸರ್ಕಾರದ ಮಾತು ಯಾವ ಧಾಟಿಗೂ ಬಗ್ಗಲಿಲ್ಲ. ಆದರೂ ಮುಚ್ಚಿದ ಚರಂಡಿ, ಮನೆಮನೆಗೆ ಕುಡಿಯುವ ನೀರಿನ ನಲ್ಲಿ, ಮೇಲೆ ಮನೆ ಕೆಳಗೆ ಅಂಗಡಿ ಎಂಬಲ್ಲೆಲ್ಲ ಜನ ತಲೆದೂಗಿದರು. ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿರುವ ಎಲ್ಲರಿಗೂ ಇದು ಸಿಗುವುದು. ಒಂದೇ ಷರತ್ತು: ರೈಲು ನಿಲ್ಲುವ ಜಾಗ ಸ್ಥಿರವಾಗಿರಬೇಕು, ಸರ್ಕಾರದವರು ಬಂದು ಕಣ್ಣಾರೆ ನೋಡಬೇಕು.

“ಸ್ಥಿರ ಅಂತೆ. ನಮಗೆಲ್ಲಿದೆ ಸ್ಥಿರ?” ಎಂದರು ಪುರಸಭೆ ಅಧ್ಯಕ್ಷ ಗುರುಶಾಂತಪ್ಪನವರು. “ದೊಡ್ಡತಾಯಮ್ಮ ಇದ್ದಾಳಲ್ಲ ಸಾಹೇಬ್ರೇ” ಎಂದರು ಮೌಲಾ ಸಾಬರು. ಮೆಟ್ಟಿಲ ಮೇಲಿದ್ದವರೆಲ್ಲ ಒಟ್ಟಿಗೆ ಓಣಿಯ ಕಡೆ ತಿರುಗಿದರು.

ಅವಳ ಮನೆಗೆ ಹೋದಾಗ ಬಣ್ಣದ ಕಡಾಯಿಯಲ್ಲಿ ಕೋಲಾಡಿಸುತ್ತಿದ್ದಳು. ಗುರುಶಾಂತಪ್ಪ ಎಲ್ಲವನ್ನೂ ಬಿಡಿಸಿ ಹೇಳಿದರು. ಅವಳ ಮನೆ ಇದ್ದಲ್ಲಿ ಪ್ಲಾಟ್‌ಫಾರಂ ಬರುತ್ತದೆ, ಅವಳಿಗೆ ಅದರ ಎದುರಿಗೇ ಹೊಸ ಮನೆ. ಅವಳು ಕೋಲು ನಿಲ್ಲಿಸದೆ ಕೇಳಿದಳು. “ನಾನೇನು ರೈಲಿಗೆ ಕಾಯ್ತೀನಾ ಅಧ್ಯಕ್ಷರೇ? ನಮ್ಮ ಸಾಕಿಗೆ ಕಾಯ್ತೀನಿ. ಅದು ನಿಂತ್ರೆ ನಿಲ್ಲಲಿ. ನಲ್ಲಿ ನಿಜವಾಗ್ಲೂ ಬರತ್ತೇನು ಓಣಿಗೆ?” “ಮನೆಮನೆಗೆ ಬರತ್ತಮ್ಮ.” “ಹಂಗಾದ್ರೆ ಬರಕೊಳ್ಳಿ. ಗೋಡೆ ಕೆಡವೋವಾಗ ಮಾತ್ರ ಮೆಣಸಿನ ಗಿಡ ತುಳೀಬೇಡಿ.”

ಅಳತೆಯವರು ಬಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದರು. ಇಲ್ಲಿ ನೀರಿನ ತೊಟ್ಟಿ, ಇಲ್ಲಿ ಸಂತೆಕಟ್ಟೆ, ಇಲ್ಲಿ ಮೌಲಾ ಸಾಬರ ಅಂಗಡಿ. ಜನ ಊಟವಾದ ಮೇಲೆ ಬಂದು ಗೆರೆಗಳ ನಡುವೆ ಓಡಾಡುತ್ತಿದ್ದರು, ಕಟ್ಟಿರದ ಮನೆಗಳಲ್ಲಿ ಎದುರಾದವರನ್ನು “ಒಳಗೆ ಬನ್ನಿ” ಎಂದು ಕರೆಯುತ್ತಿದ್ದರು. ಹುಣ್ಣಿಮೆಯ ಹತ್ತಿರದ ದಿನಗಳು. ಬೆಳದಿಂಗಳಿನಲ್ಲಿ ಗೆರೆಗಳು ನೆಲದಿಂದ ಒಂದು ಬೆರಳು ಮೇಲೆ ತೇಲುವಂತೆ ಕಾಣುತ್ತಿದ್ದವು. ಒಂದು ಚೌಕದಲ್ಲಿ ಸ್ಟೇಷನ್ ಮಾಸ್ತರರ ಕೋಣೆ ಎಂದು ಬರೆದಿತ್ತು. ನಾನು ಕುರ್ಚಿ ತಂದು ಅದರೊಳಗೆ ಹಾಕಿ ಕೂತೆ. “ಬಾಗಿಲು ಆ ಕಡೆ ಮಾಸ್ತ್ರೇ, ಗೋಡೆ ತೂರಿ ಬಂದ್ರಿ” ಎಂದರು ಮೌಲಾ ಸಾಬರು. ಎದ್ದುಹೋಗಿ ಬಾಗಿಲಿಂದ ಒಳಗೆ ಬಂದೆ. ಮೂಲೆಯಲ್ಲೊಂದು ದೇವರ ಗೂಡು, ಮಳೆ ಬಂದರೆ ತಲೆಯ ಮೇಲೆ ಸೂರು. ಇಷ್ಟು ವರ್ಷ ನನಗೆ ಅದು ಬೇಕೆನಿಸಿದ್ದೇ ಇಲ್ಲ. ಗೆರೆ ಎಳೆದ ಮೇಲೆ ಬಿಟ್ಟಿರಲಾಗಲಿಲ್ಲ.

ಇನ್ನೊಂದು ಮಾತೂ ಹೇಳಬೇಕು. ಸಾಕಮ್ಮ ಬರಲೆಂದು ಓಣಿಯ ಹೆಂಗಸರು ಸೋಮವಾರ ಸೋಮವಾರ ದೊಡ್ಡತಾಯಮ್ಮನ ಜೊತೆ ಗುಡಿಗೆ ಹೋಗಿ ದೀಪ ಹಚ್ಚುತ್ತಿದ್ದರು. ಗೆರೆ ಎಳೆದ ಮೇಲಿನ ಸೋಮವಾರಗಳಲ್ಲೂ ಹೋದರು. ದೀಪಕ್ಕೆ ಎಣ್ಣೆ ಮಾತ್ರ ತುಸು ಕಡಿಮೆಯಾಗಿತ್ತು. ನಾನೂ ಅಲ್ಲಿ ಕಣ್ಣುಮುಚ್ಚಿ ನಿಂತು, ತಾಯಿ, ಅವಳ ತಂಗಿಯನ್ನು ಕಳಿಸಿಕೊಡು ಎಂದು ಬೇಡಿದೆ. ಈಗಲೇ ಬೇಡ ಎಂದು ಸೇರಿಸಲಿಲ್ಲ. ಆದರೆ ಆ ಮಾತು ಇರಬೇಕಾದಷ್ಟು ಜಾಗ ಬಿಟ್ಟು ಕೈಮುಗಿದೆ.

ತನಿಖೆಗೆಂದು ರಾಜಧಾನಿಯಿಂದ ಒಬ್ಬ ಅಧಿಕಾರಿಣಿ ಬಂದರು. ಇನ್ನೂ ಎಳೆಯ ವಯಸ್ಸು, ಬಗಲಲ್ಲಿ ಕೊಡೆ, ಮಾತು ಮೆದು. ಕೆಲವು ಸಂಜೆ ನೋಡಿ ವರದಿ ಬರೆಯುತ್ತೇನೆಂದರು. ಮೊದಲ ಸಂಜೆ ರೈಲು ಎಂದಿನಂತೆ ದೊಡ್ಡತಾಯಮ್ಮನ ಒಗೆಯುವ ಕಲ್ಲಿನ ಮುಂದೆ ಬಂದು, ದಣಿದ ಎಮ್ಮೆಯ ಹಾಗೆ ಉಸ್ಸೆಂದು ನಿಂತಿತು. ಅಧಿಕಾರಿಣಿಗೆ ಸಂತೋಷವಾಯಿತು. ಮೌಲಾ ಸಾಬರು ಅವರಿಗೆ ಚಹಾ ಕೊಟ್ಟು, “ನಮ್ಮ ಆಯಮ್ಮ ಗಡಿಯಾರ ಇದ್ದಂಗೆ ಮೇಡಂ, ತಪ್ಪಲ್ಲ” ಎಂದರು.

ಎರಡನೆಯ ಸಂಜೆ ಸಾಕಮ್ಮ ಬಂದಳು.

ಕೊನೆಯ ಡಬ್ಬಿಯ ಬಾಗಿಲಿನಿಂದ ಇಳಿದಳು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಕಂಕುಳಲ್ಲಿ ಬಟ್ಟೆಯ ಗಂಟು, ಕೈಯಲ್ಲೊಂದು ಹೊಳೆಯುವ ಸ್ಟೀಲಿನ ಕೊಡ. ನೇರ ನಡೆದುಬಂದು ಅಕ್ಕನ ಮುಂದೆ ಕೊಡವಿಟ್ಟು, “ಇದು ಒಡೆಯಲ್ಲ” ಎಂದಳು. ದೊಡ್ಡತಾಯಮ್ಮ ಆ ಕೊಡವನ್ನೂ ಅವಳನ್ನೂ ನೋಡಿದಳು. ತಾನು ತುಂಬಿಟ್ಟಿದ್ದ ಕೊಡ ಎತ್ತಿ ತಂಗಿಯ ಕಾಲಿಗೆ ನೀರು ಹೊಯ್ದಳು. ನೀಲಿ ಕೈಯಿಂದ ಪಾದ ಉಜ್ಜುತ್ತ, “ಧೂಳು ನೋಡು, ಧೂಳು ನೋಡು” ಎಂದಷ್ಟೇ ಹೇಳುತ್ತಿದ್ದಳು.

ಅವರಿಬ್ಬರ ಸುತ್ತ ಊರೆಲ್ಲ ನಿಂತಿತ್ತು. ಬಂದೆಯಾ ಎಂದು ಯಾರೊಬ್ಬರೂ ಕೇಳಲಿಲ್ಲ. ಮೌಲಾ ಸಾಬರ ಕೈಯ ಸೌಟು ಪಾತ್ರೆಯ ಮೇಲೆ ಹಾಗೇ ನಿಂತಿತ್ತು. ಗುರುಶಾಂತಪ್ಪ ಅಧಿಕಾರಿಣಿಯ ಮುಖ ನೋಡಿದರು, ಹೂವಿನವಳು ತನ್ನ ಬುಟ್ಟಿ ನೋಡಿದಳು, ನಾನು ನೆಲದ ಮೇಲಿನ ನನ್ನ ಕೋಣೆಯನ್ನು ನೋಡಿದೆ. ದೊಡ್ಡತಾಯಮ್ಮನಿಗೆ ಇದಾವುದೂ ಕಾಣಲಿಲ್ಲ. ಸಾಕಮ್ಮನಿಗೆ ಕಂಡಿತು. “ಏನಕ್ಕ, ಯಾರಾದ್ರೂ ಹೋಗಿಬಿಟ್ರಾ ಓಣೀಲಿ?” ಎಂದು ಮೆಲ್ಲಗೆ ಕೇಳಿದಳು. “ಇಲ್ಲ ತಾಯಿ, ಎಲ್ಲ ಇದ್ದೀವಿ. ನೀನು ಬಂದದ್ದು ಒಳ್ಳೇದಾಯ್ತು” ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು.

ಮಾರನೆಯ ಬೆಳಿಗ್ಗೆ ಆ ಮನೆಯ ಮುಂದೆ ಹಾದುಹೋಗುವಾಗ ನಿಂತು ಕಿವಿಗೊಟ್ಟೆ. ಒಳಗೆ ಅಕ್ಕತಂಗಿಯರು ರೊಟ್ಟಿ ಬಡಿಯುತ್ತ ಯಾರನ್ನೋ ಆಡಿಕೊಂಡು ನಗುತ್ತಿದ್ದರು. ಆ ನಗೆಯ ಹಿಂದೆ, ಇಷ್ಟು ವರ್ಷ ನಾನು ಕೇಳುತ್ತ ಬಂದದ್ದು ಇರಲಿಲ್ಲ. ಅವ್ವ ಕೊನೆಯ ಪದ್ಯ ಮುಗಿಸಿ, ಬೀಸುವ ಕಲ್ಲಿನ ಗೂಟದಿಂದ ಕೈ ತೆಗೆದ ಮೇಲೆ ಮನೆ ಹೇಗಿರುತ್ತಿತ್ತೋ ಹಾಗಿತ್ತು.

ಗುರುಶಾಂತಪ್ಪನವರು ಸುಮ್ಮನೆ ಕೂರುವ ಗಂಡಸಲ್ಲ. “ಕಾಯೋದೇ ತಾನೆ ಬೇಕಾದ್ದು? ನಾವು ಕಾಯೋಣ” ಎಂದರು. ಹೆಂಡತಿ ಸರ್ವಮಂಗಳಮ್ಮನವರನ್ನು ಬೆಳಿಗ್ಗೆಯೇ ಜಟಕಾದಲ್ಲಿ ರೈಲುದಾರಿಯ ಹಿಂದಿನ ಊರಿಗೆ ಕಳಿಸಿ, ಸಂಜೆಯ ರೈಲಿಗೆ ಬರಲು ಹೇಳಿದರು. ತಾವು ಮಡಿಪಂಚೆ ಉಟ್ಟು, ಒಂದು ಕೊಡ ನೀರು ತುಂಬಿಸಿ, ಆ ಒಗೆಯುವ ಕಲ್ಲಿನ ಪಕ್ಕ ನಿಂತರು. ಜೊತೆಗೆ ಪುರಸಭೆಯ ಸದಸ್ಯರೂ ನಿಂತರು. ಒಬ್ಬರು ಮಾವನಿಗೆ, ಒಬ್ಬರು ಷಡ್ಡಕನಿಗೆ. ರೈಲು ಬಂತು. ಹತ್ತಿರ ಬರುತ್ತ ನಿಧಾನಿಸಿತು, ಯೋಚನೆ ಮಾಡುವವರ ಹಾಗೆ. ಗುರುಶಾಂತಪ್ಪ ಕಣ್ಣುಮುಚ್ಚಿ ಹುಬ್ಬು ಗಂಟಿಕ್ಕಿ ಕಾದರು. ರೈಲು ಅವರ ಮುಂದೆ ತೆವಳಿಕೊಂಡು ಹಾದುಹೋಯಿತು. ಕಿಟಕಿಯಲ್ಲಿ ಕೂತಿದ್ದ ಸರ್ವಮಂಗಳಮ್ಮ ಗಂಡನನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿಕೊಂಡೇ ಹೋದರು. ಅದು ಹೋಗಿ ನಿಂತದ್ದು ದೊಡ್ಡಿಯ ಹತ್ತಿರ. ಅಲ್ಲಿ ಅಗಸರ ಕಾಳಪ್ಪ, ಪರವೂರಿನಿಂದ ರೈಲಿಗೆ ಹಾಕಿಸಿದ್ದ ಒಂದು ಹೋತಕ್ಕಾಗಿ ಕಾಯುತ್ತಿದ್ದ.

ಸರ್ವಮಂಗಳಮ್ಮನವರು ಆ ಹೋತದ ಹಿಂದೆಯೇ ಇಳಿದು, ಯಾರೊಂದಿಗೂ ಮಾತಾಡದೆ ನಡೆದು ಮನೆ ಸೇರಿದರು. “ಹೆಂಡ್ತೀಗಿಂತ ಹೋತ ಭಾರ” ಎಂದು ಊರು ಒಂದೇ ಸಂಜೆಯಲ್ಲಿ ಗಾದೆ ಕಟ್ಟಿತು. ಕಾಳಪ್ಪ ಮಾತ್ರ ಪಾಪ, ಅಧ್ಯಕ್ಷರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, “ತಪ್ಪಾಯ್ತು ಬುದ್ಧಿ, ಅದರ ಮೇಲೆ ಆಸೆ ಇತ್ತು” ಎಂದು ಹೇಳಿ ಬಂದನಂತೆ.

ಅಧಿಕಾರಿಣಿ ಕೊಡೆ ಮಡಿಚಿಕೊಂಡು ಹೊರಟು ನಿಂತರು. “ಸುಳ್ಳು ಬರೆಯೋದು ನನ್ನಿಂದಾಗಲ್ಲ. ನಿಜ ಬರೆದ್ರೆ ನಿಮಗೆ ಹಣ ಬರಲ್ಲ. ಅಮಾವಾಸ್ಯೆ ಕಳೀಲಿ, ಮತ್ತೊಂದು ಸಲ ಬರ್ತೀನಿ. ಆಗ ಇಲ್ಲೇ ನಿಂತ್ರೆ, ಇದೇ ನಿಲ್ದಾಣ ಅಂತ ಬರೀತೀನಿ. ಇಲ್ಲದಿದ್ರೆ ಈ ಹಣ ಬೇರೆ ಊರಿಗೆ” ಎಂದರು. ಅವರು ಹೋದ ಮೇಲೆ ಮೌಲಾ ಸಾಬರು ಇಟ್ಟಿಗೆಯ ಮೇಲಿನ ಗಾಡಿಯನ್ನು ಭುಜ ಕೊಟ್ಟು ಎತ್ತಿ ನೋಡಿದರು. ಅಲುಗಲಿಲ್ಲ.

ಎರಡು ದಿನ ಬಿಟ್ಟು ಗುರುಶಾಂತಪ್ಪ ನನ್ನನ್ನು ಕರೆದುಕೊಂಡು ಓಣಿಗೆ ಹೋದರು. ದೊಡ್ಡತಾಯಮ್ಮ ನೂಲು ಜಾಲಿಸಲು ಕೆರೆಗೆ ಹೋಗಿದ್ದ ಹೊತ್ತು ನೋಡಿಯೇ ಹೋದದ್ದು. ಜಗುಲಿಯ ಮೇಲೆ ಸಾಕಮ್ಮ ನೂಲಿನ ಸಿಕ್ಕು ಬಿಡಿಸುತ್ತಿದ್ದಳು. ಗುರುಶಾಂತಪ್ಪ ಕೂರಲಿಲ್ಲ. “ನಾನೂ ಇದೇ ಓಣೀಲಿ ಹುಟ್ಟಿದೋನಮ್ಮ. ನಮ್ಮವ್ವ ಈ ಹಳಿ ದಾಟಿ ನೀರು ಹೊತ್ತೂ ಹೊತ್ತೂ, ಕೊನೆಗೆ ಮಲಗಿದಾಗಲೂ ಬೆನ್ನು ನೆಟ್ಟಗಾಗಲಿಲ್ಲ. ಚಟ್ಟದ ಮೇಲೂ ಬಗ್ಗಿಕೊಂಡೇ ಹೋದಳು. ಅದಕ್ಕೇ ಕೇಳ್ತಾ ಇದ್ದೀನಿ, ನನ್ನ ಹೆಸರಿಗಲ್ಲ” ಎಂದರು. ಸಾಕಮ್ಮ ತಲೆಯೆತ್ತಿದಳು. “ನೀನು ಸ್ವಲ್ಪ ದಿವಸ ಎಲ್ಲಾದ್ರೂ ಹೋಗಿದ್ದು ಬಾ. ಆ ಮೇಡಂ ಬಂದು ನೋಡಿಕೊಂಡು ಹೋಗೋವರೆಗೆ.”

“ಅಷ್ಟೇ ತಾನೆ? ಅಕ್ಕಂಗೆ ಹೇಳಿ ಹೋಗ್ತೀನಿ.”

“ಹೇಳಬಾರದು.” ಗುರುಶಾಂತಪ್ಪ ಹಳಿಯ ಕಡೆ ನೋಡುತ್ತ ಹೇಳಿದರು. “ಯಾವತ್ತು ಬರ್ತಾರೆ ಅಂತ ಗೊತ್ತಿದ್ರೆ ಕಾಯೋದರಲ್ಲಿ ಭಾರ ಇರಲ್ಲ. ನನ್ನ ಹೆಂಡತಿ ವಿಷಯದಲ್ಲಿ ಊರೆಲ್ಲ ನೋಡಿತಲ್ಲ. ಬರ್ತಾಳೋ ಇಲ್ಲವೋ, ಅಂತಿರಬೇಕು. ಹೋದ ಸಲ ಹೋದೆಯಲ್ಲ, ಹಾಗೆ.”

ಸಾಕಮ್ಮನ ಬೆರಳು ಸಿಕ್ಕಿನಲ್ಲಿ ನಿಂತಿತು. ಅದೇ ಹೊತ್ತಿಗೆ ಪಕ್ಕದ ಮನೆಯ ತುಂಬು ಬಸುರಿ, ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು, ಚರಂಡಿಯ ಕೆಂಪು ನೀರು ದಾಟಿಕೊಂಡು ಹೋದಳು. ಸಾಕಮ್ಮ ಅವಳು ಬಾಗಿಲು ಸೇರುವವರೆಗೆ ನೋಡಿದಳು. “ನೀವೇನಂತೀರಿ ಮಾಸ್ತ್ರೇ?” ಎಂದು ನನ್ನನ್ನು ಕೇಳಿದಳು. ನನಗೆ ಏನೇನೋ ತೋಚಿತು. ತೋಚಿದ್ದರಲ್ಲಿ ಯಾವುದು ಆ ಸುಣ್ಣದ ಕೋಣೆಯದು, ಯಾವುದು ನನ್ನದು ಎಂದು ತಿಳಿಯಲಿಲ್ಲ. “ನೋಡ್ತೀನಿ” ಎಂದಳು ಸಾಕಮ್ಮ.

ಮಾರನೆಯ ದಿನ ಸುಣ್ಣದ ಭಟ್ಟಿಯ ಹತ್ತಿರದ ಮನೆಯಲ್ಲಿ ಮುದುಕನೊಬ್ಬ ಮೊಮ್ಮಗುವನ್ನು ಮೊದಲ ಸಲ ನೋಡಲು ಕಾಯುತ್ತಿದ್ದ. ಎಷ್ಟು ಜೋರಾಗಿ ಕಾಯುತ್ತಿದ್ದನೆಂದರೆ ನನ್ನಂಥ ಮಂದಕಿವಿಯವನಿಗೂ ದಾರಿ ತಪ್ಪುವಂತಿರಲಿಲ್ಲ. ಅಲ್ಲಿಗೆ ಕುರ್ಚಿ ಹೊತ್ತು ಹೋಗಿ ಕೂತೆ. ಬಹಳ ಕಾಲದ ಮೇಲೆ ನಡೆದದ್ದರಿಂದ ಮಂಡಿ ಉರಿಯುತ್ತಿತ್ತು. ಮೌಲಾ ಸಾಬರು ಚಹಾದ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ಬಂದು ಕಲ್ಲೊಂದರ ಮೇಲೆ ಇಳಿಸಿ, ನನ್ನ ಕಡೆ ನೋಡದೆ ಬೆಂಕಿ ಊದಲು ಕೂತರು. ಓಣಿಯ ಹೆಂಗಸರು ಕೆಲವರು, ಆ ಕಡೆ ನೀರಿಗೆ ಬಂದವರ ಹಾಗೆ, ಕೊಡ ಇಳಿಸಿ ನಿಂತರು. ಬಾವಿ ಅತ್ತ ಇರಲಿಲ್ಲ. ಯಾರಿಂದಲೋ ತಿಳಿದು ಬಂದಿದ್ದರು. ಗುರುಶಾಂತಪ್ಪನವರೂ ಬಂದು ನುಗ್ಗೆಮರದ ಕೆಳಗೆ ನಿಂತರು.

ಸಾಕಮ್ಮ ಬಂದಳು. ಬಂದ ದಿನ ತಂದಿದ್ದ ಅದೇ ಗಂಟು. ಕೊಡ ಇರಲಿಲ್ಲ. “ಒಂದು ಟಿಕೆಟ್ಟು ಕೊಡಿ ಮಾಸ್ತ್ರೇ.”

“ಅಕ್ಕ ಎಲ್ಲಿ?”

“ಮಲಗಿದ್ದಾಳೆ. ಬಂದಾಗಿಂದ ನೋಡ್ತಿದ್ದೀನಿ, ಊಟ ಆದ ತಕ್ಷಣ ಮಲಗಿಬಿಡ್ತಾಳೆ. ಮಗೂನ ಹಾಗೆ ನಿದ್ದೆ ಮಾಡ್ತಾಳೆ. ಇಷ್ಟು ವರ್ಷ ಮಲಗೇ ಇಲ್ಲವೇನೋ ಅನ್ನೋ ಹಂಗೆ.” ಅವಳು ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. “ಎದ್ದಾಗ ಗೊತ್ತಾಗತ್ತೆ. ಎಲ್ಲಿಗಾದ್ರೂ ಸರಿ, ಒಂದು ಕೊಡಿ. ನಲ್ಲಿ ಬಂದ ದಿನ ವಾಪಸು ಬಂದು ಕಾಲು ಹಿಡ್ಕೊಂಡ್ರಾಯ್ತು. ಅವಳಿಗೆ ಕಾಯೋದು ಅಭ್ಯಾಸ ಇದೆ.”

ದೂರದಲ್ಲಿ ರೈಲಿನ ಸದ್ದು ಹಳಿಯೊಳಗೆ ಹುಟ್ಟಿತು. ಟಿಕೆಟ್ಟಿಲ್ಲದೆ ರೈಲು ಹತ್ತುವುದು ನಮ್ಮ ಊರಿನಲ್ಲಿ ಕರೆಯದ ಮನೆಯ ಪಂಕ್ತಿಯಲ್ಲಿ ಎಲೆ ಹಾಸಿಕೊಂಡು ಕೂತ ಹಾಗೆ, ಯಾರೂ ಮಾಡಿದವರಿಲ್ಲ. ಟಿಕೆಟ್ಟು ಕೇಳಿದವರಿಗೆ ನಾನು ಎಂದೂ ಏಕೆ ಎಂದು ಕೇಳಿದವನೂ ಅಲ್ಲ. ಜಗಳವಾಡಿ ಬಂದವರಿಗೆ, ಅಳುತ್ತ ಬಂದವರಿಗೆ, ಮದುವೆಯ ಬಾಸಿಂಗ ಬಿಚ್ಚದೆ ಬಂದವರಿಗೆ, ಎಲ್ಲರಿಗೂ ಕೊಟ್ಟಿದ್ದೇನೆ. ಕೈ ತಾನಾಗಿ ಚೀಲದೊಳಗೆ ಹೋಯಿತು. ಪಕ್ಕದ ಮನೆಯ ಆ ಬಸುರಿ ಹೆಂಗಸೂ ಗುಂಪಿನಲ್ಲಿದ್ದಳು. ನನ್ನ ಕೈಯನ್ನೇ ನೋಡುತ್ತಿದ್ದಳು, ಬಾಯಾರಿದವರು ಇಳಿಬಿಟ್ಟ ಹಗ್ಗವನ್ನು ನೋಡುವ ಹಾಗೆ. ಅವಳ ಕಣ್ಣು ತಪ್ಪಿಸಲು ನನ್ನಿಂದ ಆಗಲಿಲ್ಲ. ತಪ್ಪಿಸಬಾರದು ಎಂದೂ ಅನಿಸಿತು. ನಾನು ಕಸಿಯಹೊರಟದ್ದು ಅವಳ ನೀರನ್ನೇ, ಅವಳ ಮುಂದೆಯೇ.

ಚೀಲದಿಂದ ಬರಿಗೈ ತೆಗೆದೆ.

“ಇಲ್ಲಮ್ಮ” ಎಂದೆ.

“ಯಾಕೆ? ದುಡ್ಡಿದೆ ನನ್ನ ಹತ್ತಿರ.”

“ಗೊತ್ತು.”

ರೈಲು ತಿರುವಿನಲ್ಲಿ ಕಾಣಿಸಿಕೊಂಡಿತು, ಹೊಗೆಯಿಲ್ಲದೆ, ಇಳಿಬಿಸಿಲಲ್ಲಿ ನೆನೆದು. ಮುದುಕ ಜಗುಲಿಯಿಂದ ಎದ್ದು ನಿಂತ. ಗುರುಶಾಂತಪ್ಪ ಮರದ ಕೆಳಗಿನಿಂದ ಮುಂದೆ ಬಂದರು. “ಕೊಡ್ರಿ ಮಾಸ್ತ್ರೇ, ಅವಳೇ ಒಪ್ಪಿಕೊಂಡು ಬಂದಿದ್ದಾಳೆ. ಓಣಿಗೆ ಓಣಿನೇ ನಿಂತಿದೆ ಇಲ್ಲಿ. ಕೇಳಿದೋರಿಗೆ ಕೊಡಬಾರದು ಅಂತ ಯಾವ ಕಾನೂನಲ್ಲಿದೆ, ತೋರಿಸಿ.”

“ಯಾವ ಕಾನೂನಲ್ಲೂ ಇಲ್ಲ” ಎಂದೆ. “ಆಯಮ್ಮ ಮಲಗಿರಲಿ. ಕೊಡೋದಿಲ್ಲ.”